ಲಾಂಚ್ ತಪ್ಪಿದ ಸಂಜೆಯ ಊಟ

ನಾನು ಡೈರಿ ಬರೆಯಲು ಶುರು ಮಾಡಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತ ವರ್ಷ. ನಮ್ಮೂರಿಗೆ ಲಾಂಚ್ ಬಂದದ್ದೂ ಅದೇ ವರ್ಷ. ಹಾಗಾಗಿ ಲಾಂಚಿನ ಸುದ್ದಿಯಿಲ್ಲದ ಪುಟ ನನ್ನ ಡೈರಿಯಲ್ಲಿ ಕಡಿಮೆ. ಎಷ್ಟು ಹೊತ್ತಿಗೆ ಬಂತು, ಯಾರು ಇಳಿದರು, ಯಾರ ಕೋಳಿ ಬುಟ್ಟಿಯಿಂದ ಹಾರಿ ನೀರಿಗೆ ಬಿತ್ತು, ಯಾರು ತಪ್ಪಿಸಿಕೊಂಡರು, ಎಲ್ಲ ಬರೆದಿಡುತ್ತಿದ್ದೆ. ತಪ್ಪಿಸಿಕೊಂಡವರಿಗಂತೂ ಹಿಂದಿನ ಪುಟದಲ್ಲಿ ಬೇರೆ ಲೆಕ್ಕವೇ ಇತ್ತು. ಸಂಜೆಗೆ ಹೊರಡುತ್ತೇವೆಂದು ಬಂದು, ಲಾಂಚ್ ತಪ್ಪಿ, ನಮ್ಮ ಮನೆಯಲ್ಲಿ ಮಲಗಿ ಎದ್ದು ಹೋದ ನೆಂಟರು ನಾನು ಹೇಳಹೊರಟಿರುವ ಜನವರಿಯ ಹೊತ್ತಿಗೆ ಹನ್ನೊಂದು ಮಂದಿ.

ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ನಮ್ಮ ಹಳೆಯ ಮನೆ, ಗದ್ದೆ ಎರಡೂ ಒಳಗೆ ಹೋದವು. ನಮ್ಮವೇ ಐದು ಮನೆಗಳು, ಎಲ್ಲರೂ ದಾಯಾದಿಗಳು, ಗುಡ್ಡದ ಮೇಲಕ್ಕೆ ಬಂದು ಬೇರೆ ಮನೆ ಕಟ್ಟಿಕೊಂಡೆವು. ಸಾಗರಕ್ಕೆ ಹೋಗಬೇಕಾದರೆ ಗುಡ್ಡ ಇಳಿದು, ಲಾಂಚಿನಲ್ಲಿ ಆಚೆ ದಡಕ್ಕೆ ಹೋಗಿ, ಅಲ್ಲಿ ನಿಂತಿರುವ ಬಸ್ಸು ಹತ್ತಬೇಕು. ನಮ್ಮ ದಡದಿಂದ ಕೊನೆಯ ಲಾಂಚ್ ಸಂಜೆ ಐದಕ್ಕೆ. ಅದು ಆಚೆ ಹೋಗಿ, ಸಾಗರದ ಬಸ್ಸಿನಿಂದ ಇಳಿದವರನ್ನು ಹತ್ತಿಸಿಕೊಂಡು ವಾಪಸು ಬಂದು, ರಾತ್ರಿ ನಮ್ಮ ದಡದಲ್ಲೇ ಕಟ್ಟಿಕೊಂಡಿರುತ್ತದೆ. ಮುಳುಗಿದ ಕಾಡಿನ ಒಣಮರಗಳು ನೀರಿನಲ್ಲಿ ಇನ್ನೂ ನಿಂತೇ ಇದ್ದುದರಿಂದ ಕತ್ತಲಾದ ಮೇಲೆ ಅದು ಅಲ್ಲಾಡುವ ಹಾಗಿರಲಿಲ್ಲ.

ಅಜ್ಜಿಗೆ ಮಾತ್ರ ಈ ಹೊತ್ತುಗೊತ್ತುಗಳ ಮೇಲೆ ನಂಬಿಕೆಯಿರಲಿಲ್ಲ. ಹೊಳೆ ಹೊಳೆಯಾಗಿದ್ದಾಗ ದೋಣಿಯವನನ್ನು ದಡದಲ್ಲಿ ನಿಂತು ಕೂಗಿದರೆ ಸಾಕಿತ್ತು, ಉಣ್ಣುತ್ತಿದ್ದವನು ಕೈ ತೊಳೆದು ಬರುತ್ತಿದ್ದ. "ಕೂಗಿದ್ರೆ ನಿಲ್ಲದೆ ಇರೋ ದೋಣಿ ಎಂಥ ದೋಣಿನೇ?" ಎನ್ನುತ್ತಿದ್ದಳು.

ಲಾಂಚ್ ಬಂದಮೇಲೆ ಅಕ್ಕನನ್ನು ನೋಡಲು ಎರಡು ಕಡೆಯವರು ಬಂದು ಹೋಗಿದ್ದರು. ಇಬ್ಬರಿಗೂ ಹುಡುಗಿ ಹಿಡಿಸಿದಳು, ನೀರು ಹಿಡಿಸಲಿಲ್ಲ. ಹೊಸನಗರದ ಕಡೆಯವರೊಬ್ಬರು ಬಾಯಿಬಿಟ್ಟೇ ಹೇಳಿದ್ದರು: "ಹುಡುಗಿ ಬಂಗಾರ. ಆದ್ರೆ ಹಬ್ಬಕ್ಕೆ, ಬಾಣಂತನಕ್ಕೆ ಅಂತ ಸಲಸಲಕ್ಕೂ ಈ ನೀರು ದಾಟ್ಸೋರು ಯಾರು?" ಅಪ್ಪಯ್ಯ ಆ ದಿನ ಊಟ ಮಾಡದೆ ಎದ್ದು ಹೋದರು. ಅಕ್ಕ ಎದುರಿಗೆ ನಕ್ಕಳು. ಆದರೆ ನೋಡಲು ಬಂದವರ ಮುಂದೆ ಉಡುವ ಹಸಿರು ಸೀರೆಯನ್ನು ಪೆಟ್ಟಿಗೆಯ ಅಡಿಗೆ ತುರುಕುತ್ತ ನನಗೆ ಹೇಳಿದಳು, "ಇನ್ನೊಬ್ರು ಬಂದು ನನ್ನ ಬದ್ಲು ನೀರು ನೋಡಿ ಹೋದ್ರೆ, ಈ ಸೀರೆನ ಲಾಂಚಿಗೆ ಬಾವುಟ ಕಟ್ತೀನಿ ನೋಡು."

ಆಗ ಅವಳಿಗೆ ಇಪ್ಪತ್ತಮೂರು. ಆಚೆ ದಡದ ಹುಡುಗಿಯರಿಗೆಲ್ಲ ಮದುವೆಯಾಗುತ್ತಿತ್ತು, ನಮ್ಮ ದಡದವರಿಗಿಲ್ಲ.

ಮೂರನೆಯವರು ಬಂದದ್ದು ಸಂಕ್ರಾಂತಿ ಕಳೆದ ಮೇಲಿನ ಶನಿವಾರ, ತೀರ್ಥಹಳ್ಳಿಯ ಆಚೆಯಿಂದ. ಹುಡುಗ ಮಂಗಳೂರಿನಲ್ಲಿ ಹಡಗಿನ ಆಫೀಸೊಂದರಲ್ಲಿ ಗುಮಾಸ್ತ. ಆಗುಂಬೆ ಘಾಟಿ ಹತ್ತಿ ಊರಿಗೆ ಬಂದು, ತಂದೆಯನ್ನು ಕರೆದುಕೊಂಡು ಹೊರಟಿದ್ದ. ಅವರನ್ನು ಇಳಿಸಿಕೊಳ್ಳಲು ನಾನೂ ಅಪ್ಪಯ್ಯನೂ ದಡಕ್ಕೆ ಹೋಗಿದ್ದೆವು. ತಂದೆ ಲಾಂಚಿನ ನಟ್ಟನಡುವೆ, ಎರಡೂ ಕೈಯಲ್ಲಿ ಕಂಬ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಮಗ ತುದಿಯಲ್ಲಿ ನಿಂತು, ಡ್ರೈವರ್ ಎಸೆಯಬೇಕಾಗಿದ್ದ ಹಗ್ಗವನ್ನು ತಾನೇ ದಡಕ್ಕೆ ಎಸೆದ. ಹಗ್ಗ ಸರಿಯಾಗಿ ಗೂಟದ ಮೇಲೆ ಬಿತ್ತು. ಅದನ್ನೂ ನಾನು ಬರೆದುಕೊಂಡೆ.

"ಅಪ್ಪ, ದಡ ಬಂತು, ಕಣ್ಣು ಬಿಡಿ."

"ಮೊದ್ಲು ಹಲಗೆ ಹಾಕ್ಸು. ಆಮೇಲೆ ಬಿಡ್ತೀನಿ."

ಹೆಣ್ಣು ನೋಡುವ ಶಾಸ್ತ್ರ ಚೆನ್ನಾಗಿಯೇ ನಡೆಯಿತು. ಅಕ್ಕ ಹಸಿರು ಸೀರೆಯುಟ್ಟು ಕಾಫಿ, ಕೇಸರಿಬಾತು ತಂದಿಟ್ಟಳು. ನಮ್ಮ ಕಡೆ ಸಂಬಂಧ ಗಟ್ಟಿಯಾಗುವ ತನಕ ಹುಡುಗಿಯ ಮನೆಯಲ್ಲಿ ತಿಂಡಿ, ಕಾಫಿ ತೆಗೆದುಕೊಳ್ಳಬಹುದು, ಊಟ ಮಾಡುವ ಹಾಗಿಲ್ಲ. ಎಲೆ ಹಾಕಿಸಿಕೊಂಡು ಕೂತರೆ ಒಪ್ಪಿಕೊಂಡಂತೆಯೇ ಲೆಕ್ಕ. ಹುಡುಗನ ತಂದೆ ಮೊದಲೇ ಹೇಳಿದ್ದರು: "ನಮ್ಮಲ್ಲಿ ಮನೆದೇವ್ರ ಹತ್ರ ಸೋಮವಾರ ಪ್ರಸಾದ ಕೇಳೋ ಪದ್ಧತಿ. ಹೂವು ಬಲಕ್ಕೆ ಬಿದ್ಮೇಲೇ ಮಾತು. ಅಲ್ಲೀವರೆಗೆ ಹೌದು ಅನ್ನೋಕೂ ನಾನ್ಯಾರು, ಇಲ್ಲ ಅನ್ನೋಕೂ ನಾನ್ಯಾರು?" ಅಪ್ಪಯ್ಯ ತಲೆಯಾಡಿಸಿದರು. ಐದರ ಲಾಂಚಿಗೆ ಅವರು ಹೊರಡುವುದು ಎಂದು ಎರಡೂ ಕಡೆಗೆ ಗೊತ್ತಿತ್ತು.

ಎಡವಟ್ಟಾದದ್ದು ಅಲ್ಲೇ. ಹುಡುಗಿ ನೋಡಲು ಬಂದವರು ತಾವಾಗಿ ಮೊದಲು ಎದ್ದರೆ ಹುಡುಗಿ ಹಿಡಿಸಲಿಲ್ಲ ಎಂದು ಅರ್ಥ. ಮನೆಯವರು ಮೊದಲು ಹೊತ್ತಿನ ಮಾತೆತ್ತಿದರೆ ನೆಂಟರನ್ನು ಓಡಿಸಿದರೆಂದು ಅರ್ಥ. ಮೊದಲೆಲ್ಲ ಯಾರಾದರೂ ಒಬ್ಬರು ಆಕಳಿಸುವ ತನಕ ಕೂತಿರಬಹುದಿತ್ತು, ದೋಣಿಯವನು ಕಾಯುತ್ತಿದ್ದ.

ನಾಲ್ಕೂಮುಕ್ಕಾಲಕ್ಕೆ ಕೆಳಗಿನಿಂದ ಮೊದಲ ಹಾರ್ನ್ ಕೇಳಿತು. ಜಗಲಿಯಲ್ಲಿ ಭತ್ತದ ಮಾತು ನಡೆದಿತ್ತು. ಹುಡುಗನ ತಂದೆ ಅತ್ತ ಕಿವಿ ಕೊಟ್ಟು, "ಈ ಸಲ ನಮ್ಕಡೆ ಜೊಳ್ಳು ಜಾಸ್ತಿ" ಎಂದರು. ಅಪ್ಪಯ್ಯ, "ನಮ್ಕಡೆನೂ" ಎಂದರು. ನಮ್ಮ ಕಡೆ ಗದ್ದೆಯೇ ಉಳಿದಿರಲಿಲ್ಲ.

ನಾನು ಗೋಡೆ ಗಡಿಯಾರಕ್ಕೆ ಕೀಲಿ ಕೊಡುವ ನೆವದಲ್ಲಿ ಎದ್ದು ಅದರ ಬಾಗಿಲನ್ನು ಸದ್ದಾಗುವಂತೆ ತೆಗೆದೆ.

"ಬೆಳಿಗ್ಗೆ ಕೊಟ್ಟೀಯಲ್ಲೇ ಕೀಲಿ!" ಎಂದಳು ಅಜ್ಜಿ. "ಎಷ್ಟು ಸಲ ತಿರುಗಿಸ್ತೀ ಅದನ್ನ? ಯಜಮಾನ್ರೇ, ನೀವು ಇನ್ನೊಂದು ಕವಳ ಹಾಕಿ."

ಹುಡುಗನ ತಂದೆ ಗಡಿಯಾರಕ್ಕೆ ಬೆನ್ನು ಮಾಡಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು. ಅಷ್ಟು ನಿಧಾನವಾಗಿ ಸುಣ್ಣ ಹಚ್ಚಿದವರನ್ನು ನಾನು ಕಂಡಿಲ್ಲ.

ಎರಡನೆಯ ಹಾರ್ನ್ ಆದಾಗ ಮಾತು ಆಗುಂಬೆಯ ಮಳೆಗೆ ಹೋಗಿತ್ತು. ಜನವರಿಯಲ್ಲಿ ಆಗುಂಬೆಯ ಮಳೆ! ಹುಡುಗ ಬಾಗಿಲ ಸಂದಿಯಲ್ಲಿದ್ದ ನನ್ನನ್ನು ನೋಡಿದ. ಅವನ ತುಟಿ ನಡುಗುತ್ತಿತ್ತು, ನಗು ತಡೆಯುತ್ತಿದ್ದಾನೆಂದು ಗೊತ್ತಾಯಿತು. ಕೊನೆಗೆ, "ಅಪ್ಪ, ಅದು ಎರಡನೇ..." ಎಂದ. ತಂದೆ ಕಣ್ಣು ಕೆಂಪಗೆ ಮಾಡಿ ನೋಡಿದರು. ನನ್ನ ಹಿಂದೆ ಕತ್ತಲಲ್ಲಿ ನಿಂತಿದ್ದ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮೂರನೆಯ ಹಾರ್ನ್ ಆದಾಗ ಯಾರೂ ಮಾತಾಡಲಿಲ್ಲ. ಡೀಸೆಲ್ ಎಂಜಿನ್ನಿನ ಸದ್ದು ಮೊದಲು ಜೋರಾಗಿ, ಆಮೇಲೆ ಸಣ್ಣದಾಗಿ, ಆಮೇಲೆ ಇಲ್ಲವಾಗುವ ತನಕ ಎಲ್ಲರೂ ಅಂಗಳದ ತುಳಸಿಕಟ್ಟೆಯನ್ನು ನೋಡುತ್ತ ಕೂತರು.

"ಲಾಂಚ್ ಹೋಯ್ತಾ ಅಂತ?" ಎಂದರು ಹುಡುಗನ ತಂದೆ.

"ಹೋದ ಹಾಗೆ ಕಾಣ್ತದೆ," ಎಂದರು ಅಪ್ಪಯ್ಯ.

ಇಬ್ಬರ ಮುಖದಲ್ಲೂ ಮರ್ಯಾದೆ ಉಳಿಸಿಕೊಂಡವರ ಸಮಾಧಾನವಿತ್ತು. ಲೆಕ್ಕ ಹದಿಮೂರಕ್ಕೆ ಏರಿತು.

ಸಮಾಧಾನ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಮ್ಮ ಒಳಗಿನಿಂದ ಅಪ್ಪಯ್ಯನನ್ನು ಕರೆದು ಪಿಸುಗುಟ್ಟಿದಳು: "ಮಲಗೋಕೆ ಚಾಪೆ ಹಾಕಬಹುದು. ಊಟ?" ಅಪ್ಪಯ್ಯ ಜಗಲಿಗೆ ಬಂದು ಕೇಳಿದರು. ಹುಡುಗನ ತಂದೆ ಕೈಮುಗಿದರು. "ಒಂದು ರಾತ್ರಿ ಉಪವಾಸ ಇದ್ರೆ ನಾವೇನು ಸಾಯಲ್ಲ. ಪ್ರಸಾದ ಆಗ್ದೆ ಎಲೆ ಮುಂದೆ ಕೂತ್ರೆ ದೇವ್ರಿಗೆ ಏನ್ ಹೇಳ್ಲಿ? ನಿಮ್ಮದು ನೀವು ಊಟ ಮಾಡಿ."

"ನೆಂಟ್ರನ್ನ ಹಸಿದು ಮಲಗ್ಸಿ ನಾವು ಉಣ್ಣೋದಾ?" ಎಂದಳು ಅಜ್ಜಿ. "ನಮ್ಮನೇಲಿ ಇವತ್ತು ಒಲೆ ಹಚ್ಚಲ್ಲ."

"ಅಮ್ಮಾ, ಹಾಗಂದ್ರೆ ಹೆಂಗೆ? ಮಕ್ಕಳು ಉಣ್ಣಲಿ," ಎಂದರು ಹುಡುಗನ ತಂದೆ.

"ಮಕ್ಕಳೂ ಇಲ್ಲ."

ಸುದ್ದಿ ಮೇಲಿನ ಮನೆಗೆ ಹೋಗಿ, ಅಲ್ಲಿಂದ ಚಿಕ್ಕಪ್ಪ ಬಂದರು. "ನಮ್ಮನೇಗೆ ಬನ್ನಿ ಯಜಮಾನ್ರೇ, ಅದು ಹುಡುಗಿ ಮನೆ ಅಲ್ವಲ್ಲ."

"ನೀವು ಹುಡುಗಿಗೆ ಏನಾಗ್ಬೇಕು?"

"ಚಿಕ್ಕಪ್ಪ."

"ಧಾರೆ ಎರೆಯೋವಾಗ ನೀವೂ ಪಕ್ಕದಲ್ಲಿ ನಿಲ್ಲೋರಲ್ವಾ? ಅದೂ ಹುಡುಗಿ ಮನೆನೇ."

ಗುಡ್ಡದ ಮೇಲಿನ ಐದು ಮನೆಯೂ ಹಾಗೆಯೇ. ದೊಡ್ಡಪ್ಪ, ಚಿಕ್ಕಪ್ಪ, ಅಜ್ಜಯ್ಯನ ತಮ್ಮನ ಮಗ. ಆರನೆಯ ಮನೆ ನೋಡಬೇಕಾದರೆ ಕಾಡಿನಲ್ಲಿ ಎರಡು ಮೈಲಿ ನಡೆಯಬೇಕಿತ್ತು.

ಮಾತು ಬಿಗಿಯಾಗುತ್ತ ಬಂತು. ಹುಡುಗನ ತಂದೆ ತಮಗೆ ತಾವೇ ಎಂಬಂತೆ, "ನೀರಾಚೆ ಊರು ಅಂದಾಗ್ಲೇ ನಮ್ಮ ತಂಗಿ ಬೇಡ ಅಂದಿದ್ಳು," ಎಂದರು. ಅಪ್ಪಯ್ಯನ ಮುಖ ಇಳಿಯಿತು. ಹೊಸನಗರದವರು ಹೊರಟುಹೋದ ದಿನದ ಮುಖ ಅದು. ನಾನು ಅಕ್ಕನ ಕೈ ಹಿಡಿದುಕೊಂಡೆ. "ಇವ್ರು ನನಗೆ ಬೇಕಿತ್ತು ಕಣೇ," ಎಂದಳು ಮೆಲ್ಲಗೆ. ಅವಳು ಹಾಗೆ ಹೇಳಿದ್ದು ಅದೇ ಮೊದಲು. ಹಿಂದಿನ ಇಬ್ಬರ ಬಗ್ಗೆ ಅವಳು ಬೇಕು ಎಂದೂ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ.

ಅಷ್ಟರಲ್ಲಿ ಲಾಂಚ್ ಸಾಗರದ ಬಸ್ಸಿನವರನ್ನು ಹೊತ್ತುಕೊಂಡು ವಾಪಸು ಬಂದ ಸದ್ದಾಯಿತು. ಡ್ರೈವರ್ ಎಂದಿನಂತೆ ಬೀಡಿಗೆ ಬೆಂಕಿ ಕೇಳಲು ಗುಡ್ಡ ಹತ್ತಿ ಬಂದ. ಹೊನ್ನಾವರದ ಕಡೆಯವನು, ದೊಡ್ಡ ಗಂಟಲು. ಅಂಗಳಕ್ಕೆ ಕಾಲಿಟ್ಟವನೇ, "ಎಂತ ಮಾರಾಯ್ರೆ, ಮೂರು ಸಲ ಹಾರ್ನ್ ಹೊಡೆದೆ! ಇಡೀ ಮನೆಗೆ ಕಿವುಡಾ?" ಎಂದ. ಯಾರೂ ಅವನ ಮುಖ ನೋಡಲಿಲ್ಲ.

ಆಗ ಅಕ್ಕ ನನ್ನ ಕೈ ಬಿಡಿಸಿಕೊಂಡಳು. ಬಾಗಿಲು ದಾಟಲಿಲ್ಲ, ಒಳಗಿನಿಂದಲೇ ಎಲ್ಲರಿಗೂ ಕೇಳುವಂತೆ ಕೇಳಿದಳು: "ಅಪ್ಪಯ್ಯ, ಲಾಂಚ್ ಯಾರ ಮನೆ?"

ಅಪ್ಪಯ್ಯ ಬಾಗಿಲ ಕಡೆ ತಿರುಗಿದರು.

"ಸರ್ಕಾರದ್ದು," ಎಂದ ಡ್ರೈವರ್. "ರಾತ್ರಿ ಹೊತ್ತು ನಂದು. ಯಾಕೆ?"

"ಹಾಗಾದ್ರೆ ಅಲ್ಲಿ ಎಲೆ ಹಾಕಿದ್ರೆ ಹುಡುಗಿ ಮನೆ ಊಟ ಆಗಲ್ವಲ್ಲ."

ಹುಡುಗನ ತಂದೆ ಕವಳ ಅಗಿಯುವುದನ್ನು ನಿಲ್ಲಿಸಿದರು. ಅವರು ನಿಜವಾಗಿಯೂ ಹಸಿದಿದ್ದರು. ಬೆಳಿಗ್ಗೆ ಎಂಟಕ್ಕೆ ಸಾಗರದಲ್ಲಿ ತಿಂದ ಇಡ್ಲಿ ಬಿಟ್ಟರೆ ನಮ್ಮ ಕೇಸರಿಬಾತು, ಅಷ್ಟೆ. ಆದರೆ ಪದ್ಧತಿಯವರು, ಸುಲಭಕ್ಕೆ ಬಿಡಲಿಲ್ಲ. "ಲಾಂಚೇನೋ ಸರ್ಕಾರದ್ದು. ಅದು ನಿಂತಿರೋ ಜಾಗ?"

"ಅದಾ?" ಎಂದಳು ಅಜ್ಜಿ ಉತ್ಸಾಹದಿಂದ. "ಅದು ನಮ್ಮ ದೊಡ್ಡ ಗದ್ದೆ! ಹಗ್ಗ ಕಟ್ಟೋ ಗೂಟದ ಕೆಳಗೇ ನಾವು ಭತ್ತ ಬಡಿಯೋ ಕಣ..."

ಅಷ್ಟು ಹೇಳಿ ನಾಲಗೆ ಕಚ್ಚಿಕೊಂಡಳು. ಎಲ್ಲರೂ ಅಜ್ಜಿಯನ್ನೇ ನೋಡಿದೆವು. ನೀರು ಬಂದು ಇಷ್ಟು ಕಾಲವಾದರೂ ಅಜ್ಜಿ ಒಂದು ದಿನವೂ ಆ ಗದ್ದೆಯನ್ನು ನಮ್ಮದಲ್ಲ ಎಂದವಳಲ್ಲ. ನೀರು ಇಳಿದ ಬೇಸಿಗೆಯಲ್ಲಿ ಬದು ಕಂಡರೆ ಸಾಕು, "ನಮ್ಮ ಬದು" ಎಂದು ತೋರಿಸುವವಳು. ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದಳು, "ನಮ್ಮದಾಗಿತ್ತು. ಪರಿಹಾರ ತಗಂಡಾಗಿದೆ. ಈಗ ಅದೂ ಸರ್ಕಾರದ್ದೇ."

ಹೇಳಿದ ಮೇಲೆ ಅವಳೇ ಮೊದಲು ನಕ್ಕಳು. "ನೋಡೇ," ಎಂದಳು ಅಕ್ಕನಿಗೆ, "ನಿನ್ನ ಒಂದು ಮದುವೆಗೆ ನಾನು ಎಷ್ಟು ಗದ್ದೆ ಬಿಡ್ಬೇಕಾಯ್ತು!"

ಅಲ್ಲಿಂದ ಮುಂದೆ ಐದೂ ಮನೆಯಲ್ಲಿ ಒಲೆ ಹತ್ತಿತು. ನಮ್ಮಲ್ಲಿ ಕಡುಬು, ಮೇಲಿನ ಮನೆಯಲ್ಲಿ ಬಾಳೆಕಾಯಿ ಪಲ್ಯ, ಇನ್ನೊಂದರಲ್ಲಿ ಹೆಸರುಕಾಳು ಸಾರು. ಹಪ್ಪಳ ಎಲ್ಲ ಮನೆಯಿಂದಲೂ ಬಂತು, ಎಣಿಸುವ ಗೋಜಿಗೆ ನಾನೂ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾವೆಲ್ಲ ಪಾತ್ರೆ ಹೊತ್ತು ಸಾಲಾಗಿ ಗುಡ್ಡ ಇಳಿದೆವು.

ದಡದಲ್ಲಿ ಇನ್ನೊಂದು ತಕರಾರು. ಹುಡುಗಿಯ ಮನೆಯವರು ಬಡಿಸಿದರೆ? ಡ್ರೈವರ್ ಪಂಚೆ ಎತ್ತಿ ಕಟ್ಟಿ, "ನನ್ನ ಲಾಂಚಲ್ಲಿ ನಾನೇ ಯಜಮಾನ. ನಾನೇ ಬಡಿಸೂದು. ನೀವು ಪಾತ್ರೆ ಕೊಟ್ಟು ದಡದಲ್ಲೇ ನಿಲ್ಲಿ," ಎಂದ. ಹುಡುಗನ ತಂದೆ ಹಲಗೆಯ ಮೇಲೆ ಒಂದು ಕಾಲಿಟ್ಟು, "ದಡಕ್ಕೆ ತಾಗಿಕೊಂಡೇ ಇದ್ಯಲ್ಲ ಇದು," ಎಂದರು. ಅವರ ಮಗ ಗೂಟದ ಹಗ್ಗ ಸಡಿಲಿಸಿ, ಗಳ ಹಾಕಿ ಲಾಂಚನ್ನು ಒಂದು ಮಾರು ಒಳಗೆ ತಳ್ಳಿ, ಮತ್ತೆ ಕಟ್ಟಿದ. ಈಗ ಅದು ಯಾವ ಮನೆಗೂ ಸೇರದೆ ನೀರಿನ ಮೇಲೆ ತೇಲುತ್ತಿತ್ತು. ಪಾತ್ರೆ ಕೊಡಲು ಹಲಗೆಯೊಂದು ಮಾತ್ರ ಉಳಿಯಿತು.

ಹಲಗೆಯ ಈ ತುದಿಯಲ್ಲಿ ಅಕ್ಕ, ಆ ತುದಿಯಲ್ಲಿ ಹುಡುಗ. ಡ್ರೈವರ್ ಬಡಿಸುವುದರಲ್ಲಿ ಮಗ್ನ. ತಂದೆ ಲಾಟೀನಿನ ಬೆಳಕಿನಲ್ಲಿ, ನಟ್ಟನಡುವೆ, ಎಡಗೈಯಲ್ಲಿ ಕಂಬ ಹಿಡಿದು, ಬಲಗೈಯಲ್ಲಿ ಕಡುಬು ಮುರಿಯುತ್ತಿದ್ದರು. ನೀರೆಂದರೆ ಕಣ್ಣು ಮುಚ್ಚುತ್ತಿದ್ದವರು ಈಗ ಎಲೆ ನೋಡಲು ಕಣ್ಣು ಬಿಡಲೇಬೇಕಾಗಿತ್ತು.

"ನೀವು ಎಲೆ ಮುಂದೆ ಕೂತ್ಕೊಳ್ಳಲ್ವಾ?" ಎಂದು ಅಕ್ಕ ಸಾರಿನ ಪಾತ್ರೆ ಚಾಚುತ್ತ ಕೇಳಿದಳು.

"ಹಲಗೆ ಕಾಯೋರು ಯಾರು?" ಎಂದ ಅವನು. "ಮಂಗಳೂರಲ್ಲಿ ನನ್ನ ಕೆಲ್ಸನೇ ಇದು. ಹಡಗು ದಡಕ್ಕೆ ಬರೋಕಾಗಲ್ಲ, ಆಳ ಸಾಲಲ್ಲ. ದೂರ ಸಮುದ್ರದಲ್ಲಿ ನಿಂತಿರ್ತದೆ. ಧಕ್ಕೆ ಅಂತಾರಲ್ಲ, ಆ ದಡದ ಕಟ್ಟೆಯಿಂದ ಲಾಂಚಲ್ಲಿ ಜನಾನ ಕರ್ಕೊಂಡು ಹೋಗಿ ಹತ್ತಿಸ್ಬೇಕು, ಇಳಿದೋರನ್ನ ಕರ್ಕೊಂಡು ಬರ್ಬೇಕು."

"ಅಲ್ಲಿ ಲಾಂಚ್ ತಪ್ಪಿಸ್ಕೊಂಡ್ರೆ?"

"ಹಾಗೆ ತಪ್ಪಿಸ್ಕೊಂಡೋರನ್ನ ಬೈಯೋದೂ ನನ್ನ ಕೆಲ್ಸಾನೇ."

"ಮತ್ತೆ ಇವತ್ತು?"

"ಇವತ್ತು ಎರಡನೇ ಹಾರ್ನಿಗೆ ಬಾಯಿ ಬಿಟ್ಟೆ. ಮೂರನೇದಕ್ಕೆ ಬೇಕಂತಲೇ ಬಿಡ್ಲಿಲ್ಲ."

ಸಾರಿನ ಪಾತ್ರೆಯ ಕಿವಿ ಇಬ್ಬರ ಕೈಯಲ್ಲೂ ಸ್ವಲ್ಪ ಹೆಚ್ಚು ಹೊತ್ತೇ ಇತ್ತು. "ಸಾರು ಎಲ್ಲಿ ಮಾರಾಯ್ರೆ, ಸಾರು!" ಎಂದು ಡ್ರೈವರ್ ಕೂಗಿದ.

ಬೆಳಿಗ್ಗೆ ಏಳರ ಲಾಂಚಿಗೆ ಅವರು ಬರಿಯ ಕಾಫಿ ಕುಡಿದು ಹೊರಟರು. ಒಪ್ಪಿಗೆಯ ಮಾತು ಒಂದೂ ಬರಲಿಲ್ಲ. "ಪ್ರಸಾದ ಆಗ್ಲಿ," ಎಂದರು ತಂದೆ, ಅಷ್ಟೆ. ಅಪ್ಪಯ್ಯ ದಡದಲ್ಲಿ ನಿಂತು ಕೈಮುಗಿದರು. ಡ್ರೈವರ್ ಹಗ್ಗ ಬಿಚ್ಚುವಾಗ ನನ್ನ ಹತ್ತಿರ ಬಾಗಿ, "ತಂಗಿ, ಅವರು ಒಪ್ಪಿ ವಾಪಸು ಬಂದ್ರೆ ನಾನು ನಡುನೀರಿಂದಲೇ ಉದ್ದ ಹಾರ್ನ್ ಹೊಡೀತೆ. ಕೇಳಿಸ್ಕೊಳ್ಳಿ, ಕಿವುಡರ ಹಾಗೆ ಕೂರ್ಬೇಡಿ," ಎಂದ.

ಸೋಮವಾರ ಕಳೆಯಿತು. ಮಂಗಳವಾರ ಲಾಂಚ್ ಎಂದಿನ ಹಾರ್ನನ್ನೇ ಹೊಡೆಯಿತು. ಬುಧವಾರವೂ ಹಾಗೆಯೇ. ಅಕ್ಕ ಏನೂ ಆಗದವಳಂತೆ ಇದ್ದಳು, ಆದರೆ ಹಸಿರು ಸೀರೆಯನ್ನು ಪೆಟ್ಟಿಗೆಯ ಅಡಿಗೆ ತುರುಕಿರಲಿಲ್ಲ. ಅದು ಹಗ್ಗದ ಮೇಲೆಯೇ ಇತ್ತು. ಅಜ್ಜಿ ಊಟಕ್ಕೆ ಕೂತಲ್ಲಿಂದ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಳು. ಕೇಳಿದರೆ, ಕಾಗೆ ಓಡಿಸಲು ಎಂದಳು.

ಗುರುವಾರ ಹನ್ನೊಂದೂವರೆಗೆ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಲಾಂಚ್ ಇನ್ನೂ ಒಣಮರಗಳ ಆಚೆಗಿತ್ತು. ಅಲ್ಲಿಂದಲೇ ಹಾರ್ನ್ ಎದ್ದಿತು. ನಿಲ್ಲಲೇ ಇಲ್ಲ. ಮರದ ಮೇಲೆ ಕೂತ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಐದೂ ಮನೆಯಿಂದ ಜನ ಹೊರಗೆ ಬಂದರು.

ಅಕ್ಕ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಮಣೆಯಿಂದ ಏಳಲಿಲ್ಲ. ಮುಖ ಮಾತ್ರ ಕೆಂಪಾಗಿತ್ತು. "ಅಮ್ಮಾ," ಎಂದಳು, "ಅನ್ನಕ್ಕೆ ಇಡು."

"ಎಷ್ಟು ಜನಕ್ಕೆ?"

"ಬಂದಷ್ಟು ಜನಕ್ಕೆ."

ಹುಡುಗನ ತಂದೆ ಗುಡ್ಡ ಹತ್ತುತ್ತಲೇ ಕೂಗಿದರು, "ಎಲೆ ಹಾಕಿ! ಊಟಕ್ಕೇ ಬಂದಿದೀವಿ!" ಜಗಲಿಯಲ್ಲಿ ಕೂತು ಬೆವರು ಒರೆಸಿಕೊಂಡ ಮೇಲೆ ಅಜ್ಜಿಗೆ ಹೇಳಿದರು, "ಹೂವು ಬಲಕ್ಕೇ ಬಿತ್ತು ಅಮ್ಮಾ. ಬೀಳ್ದೇ ಇದ್ದಿದ್ರೂ ಇನ್ನೊಂದು ಸಲ ಕೇಳ್ತಿದ್ದೆ ಅನ್ನಿ. ಆ ಕಡುಬು ತಿಂದ್ಮೇಲೆ ದೇವ್ರ ಹತ್ರ ಸ್ವಲ್ಪ ಚೌಕಾಸಿ ಮಾಡ್ಬಹುದು." ಜೊತೆಗೆ ಅವರ ತಂಗಿಯೂ ಬಂದಿದ್ದರು. ನೀರಾಚೆ ಊರು ಬೇಡ ಎಂದಿದ್ದವರು ಅವರೇ. ಇಡೀ ದಾರಿ ಲಾಂಚಿನ ಕಂಬ ಹಿಡಿದು ಕೂತಿದ್ದರಂತೆ, ಪಕ್ಕದಲ್ಲಿ ಅಣ್ಣ, ಈಗ ಅನುಭವಸ್ಥರಾಗಿ, ಧೈರ್ಯ ಹೇಳುತ್ತ.

ಏಪ್ರಿಲ್‌ನಲ್ಲಿ ಮದುವೆಯಾಯಿತು. ಮೊನ್ನೆ ದೀಪಾವಳಿ ಕಳೆದು ನಾನು ಮಂಗಳೂರಿಗೆ ಹೋಗಿದ್ದೆ. ಹಡಗೊಂದು ಬಂದಿತ್ತು. ಭಾವ ನನ್ನನ್ನೂ ಅಕ್ಕನನ್ನೂ ಧಕ್ಕೆಯಿಂದ ಲಾಂಚಿನಲ್ಲಿ ಕರೆದುಕೊಂಡು ಹೋಗಿ ಅದನ್ನು ಹತ್ತಿರದಿಂದ ತೋರಿಸಿದರು. ಹೊಳೆಯ ಬಾಯಿ ದಾಟುವಾಗ ಲಾಂಚ್ ಮೇಲೆ ಕೆಳಗೆ ಹಾರಿತು, ನಾನು ಅಕ್ಕನ ಮಾವನವರಂತೆ ಕಂಬ ಹಿಡಿದೆ, ಅಕ್ಕ ತುದಿಯಲ್ಲಿ ನಿಂತಿದ್ದಳು. ಹಡಗು ನಮ್ಮ ಗುಡ್ಡದಷ್ಟು ಎತ್ತರವಿತ್ತು. ಏಣಿ ಹತ್ತಿ, ಮೇಲೆ ಅರ್ಧ ಗಂಟೆ ಅಡ್ಡಾಡಿ, ನೆರಳಿದ್ದ ಬೆಂಚಿನ ಮೇಲೆ ಕೂತೆವು. ಕೆಳಗಿನಿಂದ ವಾಪಸು ಹೋಗುವ ಲಾಂಚಿನ ಹಾರ್ನ್ ಆಯಿತು. ಭಾವ ಥಟ್ಟನೆ ಎದ್ದು ನಿಂತರು.

ಅಕ್ಕ ಕೂತಲ್ಲೇ ಕೂತಿದ್ದಳು. "ಮೊದ್ಲು ನೀವು ಎದ್ರಿ," ಎಂದಳು. "ಹುಡುಗಿ ಹಿಡಿಸ್ಲಿಲ್ಲ ಅಂತಾಯ್ತಲ್ಲ."

ಭಾವ ಅವಳ ಮುಖ ನೋಡಿ, ಮೆಲ್ಲಗೆ ಮತ್ತೆ ಕೂತರು. ಎರಡನೆಯ ಹಾರ್ನೂ ಆಯಿತು. ಮೂವರೂ ಸಮುದ್ರವನ್ನು ನೋಡುತ್ತ ಕೂತೆವು. ಕೆಳಗೆ ಲಾಂಚಿನವನು ಭಾವನ ಹೆಸರು ಹಿಡಿದು ಬೈಯತೊಡಗಿದ ಮೇಲೆ ಮೂವರೂ ಒಟ್ಟಿಗೆ ಎದ್ದು, ಏಣಿಯ ಕಡೆಗೆ ಓಡಿದೆವು.